ಇರಾನಿನ ರೈಲು ಹಾಕಿಸಿದ್ದು ತೈಲದ ದುಡ್ಡಲ್ಲ, ಚಹಾ-ಸಕ್ಕರೆಯ ತೆರಿಗೆ

ಓದುಗರ ಪ್ರಶ್ನೆ: ಎರಡು ಮಹಾಯುದ್ಧಗಳ ನಡುವಿನ ಪರ್ಷಿಯಾದಲ್ಲಿ (ಈಗಿನ ಇರಾನ್) ದೊರೆ ರೆಜಾ ಶಾ ಅಷ್ಟೊಂದು ರೈಲು, ಬಟ್ಟೆ ಗಿರಣಿ, ಸಕ್ಕರೆ ಕಾರ್ಖಾನೆ ಕಟ್ಟಿಸಿದನಲ್ಲ, ಅದೆಲ್ಲ ತೈಲದ ದುಡ್ಡೇ ಅಲ್ವಾ?

ಅಲ್ಲ. ಈ ಪ್ರಶ್ನೆಗೆ ಎಷ್ಟೋ ಸಲ ಚಿಕ್ಕದಾಗಿ ಉತ್ತರ ಕೊಟ್ಟಿದ್ದೇನೆ. ಪ್ರತಿ ಸಲವೂ ಯಾರಾದರೊಬ್ಬರು "ತೈಲ ಇರೋ ದೇಶ, ಇನ್ನೆಲ್ಲಿಂದ ಬರತ್ತೆ ದುಡ್ಡು?" ಎಂದು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾರೆ. ಹಾಗಾಗಿ ಈ ಸಲ ಲೆಕ್ಕ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ರೈಲು. ಕ್ಯಾಸ್ಪಿಯನ್ ಸಮುದ್ರದ ದಡದಿಂದ ಪರ್ಷಿಯನ್ ಕೊಲ್ಲಿಯವರೆಗೆ 1,394 ಕಿಲೋಮೀಟರ್ ಹಳಿ. 1927ರಲ್ಲಿ ಕೆಲಸ ಶುರುವಾಗಿ 1938ರಲ್ಲಿ ಮುಗಿಯಿತು. ಇದಕ್ಕೆ ದುಡ್ಡು ಹೊಂದಿಸುವ ಕಾನೂನು ಆಗಿದ್ದು 1925ರಲ್ಲಿ, ಅಂದರೆ ಒಂದು ಗುದ್ದಲಿ ಮಣ್ಣು ತೆಗೆಯುವುದಕ್ಕೂ ಮುಂಚೆ. ಆ ಕಾನೂನಿನಲ್ಲಿ ತೈಲದ ಮಾತೇ ಇಲ್ಲ. ಸಕ್ಕರೆ ಮತ್ತು ಚಹಾದ ವ್ಯಾಪಾರವನ್ನು ಸರಕಾರದ ಏಕಸ್ವಾಮ್ಯ ಮಾಡಿ ಅವುಗಳ ಮೇಲೆ ತೆರಿಗೆ ಹಾಕಿದರು. ಮೂರು ಕಿಲೋ ತೂಗುವ ಒಂದು 'ಮನ್' ಸಕ್ಕರೆಗೆ 2 ಕ್ರಾನ್ (ಆಗಿನ ಇರಾನಿನ ನಾಣ್ಯ), ಅಷ್ಟೇ ತೂಕದ ಚಹಾಕ್ಕೆ 6 ಕ್ರಾನ್. ವಿದೇಶಿ ಸಾಲ ತೆಗೆದುಕೊಳ್ಳಲಿಲ್ಲ. ಬ್ರಿಟನ್ ಮತ್ತು ರಷ್ಯಾದ ಸಾಲದಲ್ಲಿ ಸಿಕ್ಕಿ ಒದ್ದಾಡಿದ್ದ ದೇಶ ಅದು. ಇನ್ನೊಂದು ಸಾಲ ಎಂದರೆ ಅಲ್ಲಿನ ಸಂಸತ್ತು ಮಜ್ಲಿಸ್‌ನಲ್ಲಿ ಯಾರೂ ಒಪ್ಪುವ ಹಾಗಿರಲಿಲ್ಲ.

ಇರಾನಿನವರು ಚಹಾ ಕುಡಿಯುವ ರೀತಿ ಗೊತ್ತಿದ್ದರೆ ಈ ತೆರಿಗೆ ಯಾರ ಮೇಲೆ ಬಿತ್ತು ಅಂತ ತಕ್ಷಣ ಹೊಳೆಯುತ್ತದೆ. ಗಟ್ಟಿ ಸಕ್ಕರೆಯ ಚೂರನ್ನು ಹಲ್ಲಿನ ನಡುವೆ ಇಟ್ಟುಕೊಂಡು ಚಹಾ ಹೀರುತ್ತಾರೆ. ಬಡವನ ಮನೆಯಲ್ಲೂ ದಿನಕ್ಕೆ ಹಲವು ಲೋಟ. ಕೂಲಿಯವನು, ಕುರಿ ಕಾಯುವವನು, ರತ್ನಗಂಬಳಿ ನೇಯುವ ಹುಡುಗಿ, ಎಲ್ಲರೂ ರೈಲಿಗೆ ದುಡ್ಡು ಕೊಟ್ಟರು. ಭೂಮಾಲೀಕರಿಗೆ ಇಷ್ಟು ಹೊರೆ ಬೀಳಲಿಲ್ಲ. ಇದು ನ್ಯಾಯವಾದ ತೆರಿಗೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಹಳಿಗೆ ದುಡ್ಡು ಹಾಕಿದವರು ಇವರು. ಅವರ ಹೆಸರನ್ನು ಅಳಿಸಿ ಅಲ್ಲಿ ತೈಲ ಎಂದು ಬರೆದರೆ ನನಗೆ ನಿಜಕ್ಕೂ ಬೇಸರ ಆಗುತ್ತದೆ.

ಹಾಗಾದರೆ ತೈಲದ ದುಡ್ಡು ಎಲ್ಲಿ ಹೋಯಿತು? ಮೊದಲನೆಯದಾಗಿ, ಅದು ನಾವಂದುಕೊಂಡಷ್ಟು ಇರಲೇ ಇಲ್ಲ. 1908ರಲ್ಲಿ ಮಸ್ಜಿದ್ ಸುಲೇಮಾನ್‌ನಲ್ಲಿ ತೈಲ ಸಿಕ್ಕಿತು. ತೈಲ ತೆಗೆಯುತ್ತಿದ್ದ ಬ್ರಿಟಿಷರ ಆಂಗ್ಲೋ-ಪರ್ಷಿಯನ್ ಕಂಪನಿಯ ಜೊತೆಗಿನ ಹಳೆಯ ಒಪ್ಪಂದದ ಪ್ರಕಾರ ಸರಕಾರಕ್ಕೆ ಸಿಗಬೇಕಾದದ್ದು ಕಂಪನಿಯ ನಿವ್ವಳ ಲಾಭದಲ್ಲಿ ನೂರಕ್ಕೆ 16. ಲಾಭ ಎಷ್ಟು ಎಂದು ಲೆಕ್ಕ ಹಾಕುವವರು ಕಂಪನಿಯವರೇ. 1930ರಲ್ಲಿ ಸುಮಾರು 12 ಲಕ್ಷ 88 ಸಾವಿರ ಪೌಂಡ್ ಬಂತು. ಮರುವರ್ಷ ಬಂದಿದ್ದು ಬರೀ 3 ಲಕ್ಷ 7 ಸಾವಿರ. ಒಂದೇ ವರ್ಷದಲ್ಲಿ ನಾಲ್ಕನೇ ಒಂದು ಪಾಲಿಗೆ ಇಳಿಯುವ ವರಮಾನವನ್ನು ನಂಬಿಕೊಂಡು ಹನ್ನೊಂದು ವರ್ಷದ ರೈಲು ಕೆಲಸ ಯಾರು ಶುರು ಮಾಡುತ್ತಾರೆ ಹೇಳಿ? ಸಿಟ್ಟಾದ ಶಾ 1932ರ ನವೆಂಬರ್‌ನಲ್ಲಿ ಒಪ್ಪಂದವನ್ನೇ ರದ್ದು ಮಾಡಿದ. 1933ರಲ್ಲಿ ಹೊಸದಾಗಿ ಒಪ್ಪಂದ ಆಯಿತು. ಟನ್ನಿಗೆ 4 ಶಿಲ್ಲಿಂಗ್, ವರ್ಷಕ್ಕೆ ಕನಿಷ್ಠ ಏಳೂವರೆ ಲಕ್ಷ ಪೌಂಡ್. ಕಂಪನಿಯ ಅವಧಿಯೂ 1993ರವರೆಗೆ ಬೆಳೆಯಿತು. ಒಟ್ಟಿನಲ್ಲಿ ಶಾಗೆ ದೊಡ್ಡ ಗೆಲುವೇನೂ ಅಲ್ಲ.

ಎರಡನೆಯದು ಇನ್ನೂ ಮುಖ್ಯ. ಬಂದ ದುಡ್ಡಿನ ಬಹುಪಾಲು ಟೆಹ್ರಾನಿನ ಸಾಮಾನ್ಯ ಬಜೆಟ್ಟಿಗೆ ಸೇರುತ್ತಲೇ ಇರಲಿಲ್ಲ. ಲಂಡನ್‌ನಲ್ಲಿ ಮೀಸಲು ನಿಧಿಯಾಗಿ ಪ್ರತ್ಯೇಕ ಇಟ್ಟಿದ್ದರು. ಅದರಿಂದ ಜಾಸ್ತಿ ಖರ್ಚಾಗಿದ್ದು ಸೈನ್ಯದ ಆಯುಧಗಳಿಗೆ.

ಇಲ್ಲಿ ಜಾಣ ಓದುಗರು ಒಂದು ಮಾತು ತೆಗೆಯುತ್ತಾರೆ: "ಸೈನ್ಯದ ಖರ್ಚನ್ನು ತೈಲ ನೋಡಿಕೊಂಡರೆ ಉಳಿದ ದುಡ್ಡು ಕಾರ್ಖಾನೆಗೆ ಸಿಕ್ಕಿತು ತಾನೇ?" ಒಳ್ಳೆಯ ಪ್ರಶ್ನೆ. ಆದರೆ ಲಂಡನ್ನಿನ ನಿಧಿ ವಿದೇಶದಿಂದ ಕೊಳ್ಳುವ ಸಾಮಾನಿಗೆ. ಸೈನಿಕರ ಸಂಬಳ, ಊಟ, ಬಟ್ಟೆ, ಬ್ಯಾರಕ್ಕುಗಳ ಖರ್ಚು ದೇಶದೊಳಗಿನ ತೆರಿಗೆಯಿಂದಲೇ ಬರಬೇಕಿತ್ತು. ಯುದ್ಧ ಮಂತ್ರಾಲಯ ಆ ಬಜೆಟ್ಟಿನಲ್ಲೂ ದೊಡ್ಡ ಪಾಲು ನುಂಗುತ್ತಿತ್ತು. ಉಳಿಸಿಕೊಟ್ಟಿತು ಅನ್ನುವ ವಾದ ನಿಲ್ಲುವುದಿಲ್ಲ.

ಇನ್ನು ಕಾರ್ಖಾನೆಗಳು. ಇಸ್ಫಹಾನ್ ನೋಡಿ. ಅಲ್ಲಿನ ಮೊದಲ ದೊಡ್ಡ ಗಿರಣಿ 'ವತನ್', 1920ರ ದಶಕದ ನಡುವಿನದು. ಶುರು ಮಾಡಿದ್ದು ಅತಾ ಉಲ್ ಮುಲ್ಕ್ ದೆಹೆಶ್, ಮುಂದೆ ಬೆಳೆಸಿದ್ದು ಕಾಜೆರೂನಿ ಎಂಬ ವ್ಯಾಪಾರಿ. ಉಣ್ಣೆ ಬಟ್ಟೆ ನೇಯುತ್ತಿದ್ದರು. ದೊಡ್ಡ ಗಿರಾಕಿ ಸೈನ್ಯ, ಸಮವಸ್ತ್ರಕ್ಕೆ. 1930ರ ದಶಕದಲ್ಲಿ ರಿಸ್‌ಬಾಫ್, ಜಾಯಂದೆರೂದ್, ಪಶ್ಮ್‌ಬಾಫ್, ನಖ್‌ತಾಬ್ ಹೀಗೆ ಒಂದರ ಹಿಂದೆ ಒಂದು ಎದ್ದವು. ಇಸ್ಫಹಾನನ್ನು ಇರಾನಿನ ಮ್ಯಾಂಚೆಸ್ಟರ್ ಎಂದು ಕರೆಯತೊಡಗಿದರು.

ಬಂಡವಾಳ ಎಲ್ಲಿಂದ? ಊರಿನ ವ್ಯಾಪಾರಿಗಳಿಂದ, ಭೂಮಾಲೀಕರಿಂದ. 1931ರಲ್ಲಿ ಸರಕಾರ ವಿದೇಶಿ ವ್ಯಾಪಾರವನ್ನೆಲ್ಲ ತನ್ನ ಹಿಡಿತಕ್ಕೆ ತಗೊಂಡಿತು. ಅಲ್ಲಿಯವರೆಗೆ ಆಮದು-ರಫ್ತು ಮಾಡಿಕೊಂಡಿದ್ದವರಿಗೆ ಕೈಕಟ್ಟಿದ ಹಾಗಾಯಿತು. ಕೈಯಲ್ಲಿದ್ದ ದುಡ್ಡನ್ನು ಗಿರಣಿಗೆ ಹಾಕಿದರು. ಅದೇ ಕಾನೂನು ಹೊರಗಿನ ಬಟ್ಟೆ ಸಲೀಸಾಗಿ ಬರದಂತೆ ತಡೆದು ಗಿರಣಿಯನ್ನು ಕಾಪಾಡಿತು. ಯಂತ್ರಗಳು ಬಹಳಷ್ಟು ಜರ್ಮನಿಯವು. ಅವಕ್ಕೆ ಪೌಂಡ್ ಕೊಡಬೇಕಾಗಿಯೂ ಇರಲಿಲ್ಲ. 1930ರ ದಶಕದಲ್ಲಿ ಜರ್ಮನಿಯ ಜೊತೆ ವಸ್ತುವಿಗೆ ವಸ್ತು ಲೆಕ್ಕದ ವ್ಯಾಪಾರ ಒಪ್ಪಂದ ಇತ್ತು. ಇರಾನಿನ ಹತ್ತಿ, ಉಣ್ಣೆ ಅತ್ತ ಹೋದರೆ ಮಗ್ಗ ಇತ್ತ ಬರುತ್ತಿತ್ತು.

ಗಿರಣಿಯೊಳಗಿನ ದುಡಿಮೆಯೂ ಈ ಲೆಕ್ಕಕ್ಕೆ ಸೇರಬೇಕು. 1931ರಲ್ಲಿ ವತನ್ ಗಿರಣಿಯ ಕಾರ್ಮಿಕರು ಮುಷ್ಕರ ಹೂಡಿದರು. ಅದೇ ವರ್ಷ ಕಮ್ಯುನಿಸ್ಟ್ ಸಂಘಟನೆಗಳನ್ನು ನಿಷೇಧಿಸುವ ಕಾನೂನು ಬಂತು. ಕಾರ್ಮಿಕ ಸಂಘಗಳೂ ಅದರ ಕೆಳಗೆ ಬಾಯಿ ಮುಚ್ಚಬೇಕಾಯಿತು. ಕಡಿಮೆ ಕೂಲಿಯಿಂದ ಬಂದ ಲಾಭ ಮತ್ತೆ ಗಿರಣಿಗೇ ಬಂಡವಾಳ ಆಯಿತು.

ಸಕ್ಕರೆ ಕಾರ್ಖಾನೆಗಳು ಹೆಚ್ಚಾಗಿ ಸರಕಾರದ್ದು. ಕಹ್ರಿಜಕ್‌ನಲ್ಲಿ ಬೆಲ್ಜಿಯನ್ನರು 1890ರ ದಶಕದಲ್ಲಿ ಕಟ್ಟಿ ಕೈಬಿಟ್ಟಿದ್ದ ಮಿಲ್ಲನ್ನು ಮತ್ತೆ ನಡೆಸಿದರು. ಆಮೇಲೆ ಕರಜ್, ವರಾಮಿನ್, ಶಿರಾಜ್ ಹತ್ತಿರದ ಮರ್ವ್‌ದಶ್ತ್, ಮಶಾದ್ ಹತ್ತಿರದ ಆಬ್‌ಕೂಹ್. ಕಬ್ಬಲ್ಲ, ಬೀಟ್‌ನಿಂದ ಸಕ್ಕರೆ. ದುಡ್ಡು ತೆರಿಗೆಯದ್ದು, ಏಕಸ್ವಾಮ್ಯದ ಲಾಭದ್ದು.

ಅಬಾದಾನ್ ತೈಲ ಶುದ್ಧೀಕರಣ ಘಟಕ ಇತ್ತಲ್ಲ ಎಂದರೆ, ಇತ್ತು, ಜಗತ್ತಿನ ದೊಡ್ಡ ಘಟಕಗಳಲ್ಲಿ ಒಂದು. ಆದರೆ ಅದು ಕಂಪನಿಯ ಊರು. ನುರಿತ ಕೆಲಸಕ್ಕೆ ನಮ್ಮ ದೇಶದಿಂದಲೇ ಸಾವಿರಾರು ಜನರನ್ನು ಕರೆದುಕೊಂಡು ಹೋಗಿದ್ದರು. 1920ರಲ್ಲಿ ಅಲ್ಲಿ ಭಾರತೀಯ ಕೆಲಸಗಾರರೇ ಮುಷ್ಕರ ಮಾಡಿದರು. ಇಸ್ಫಹಾನಿನ ಮಗ್ಗಕ್ಕೂ ಅಬಾದಾನಿನ ಚಿಮಣಿಗೂ ಸಂಬಂಧ ತೀರಾ ಕಡಿಮೆ.

ಈಗ ಯಾರೂ ಕೇಳದ, ಆದರೆ ಕೇಳಲೇಬೇಕಾದ ಒಂದು ವಿಷಯ. ದುಡ್ಡು ಎಲ್ಲ ಪ್ರಾಂತ್ಯಗಳಿಂದ ಬಂತು. ಅದನ್ನು ಎಲ್ಲಿ ಖರ್ಚು ಮಾಡಬೇಕು ಎಂದು ತೀರ್ಮಾನಿಸಿದ್ದು ಯಾರು?

ಟೆಹ್ರಾನ್. ಹಳೆಯ ಕಾಲದಲ್ಲಿ ಅಜರ್‌ಬೈಜಾನ್, ಖೊರಾಸಾನ್, ಫಾರ್ಸ್, ಕೆರ್ಮಾನ್ ಎಂಬ ನಾಲ್ಕು ದೊಡ್ಡ ಪ್ರಾಂತ್ಯಗಳಿದ್ದವು, ಜೊತೆಗೆ ಹಲವು ಚಿಕ್ಕವು. 1937-38ರಲ್ಲಿ ಇದನ್ನೆಲ್ಲ ಒಡೆದು ಹತ್ತು 'ಒಸ್ತಾನ್', ಅಂದರೆ ಹೊಸ ಪ್ರಾಂತ್ಯ, ಮಾಡಿದರು. ಅವಕ್ಕೆ ಹೆಸರಿನ ಬದಲು ನಂಬರ್ ಕೊಟ್ಟರು. ಫಾರ್ಸ್ ಏಳನೆಯದು, ಖೊರಾಸಾನ್ ಒಂಬತ್ತನೆಯದು, ಇಸ್ಫಹಾನ್ ಹತ್ತನೆಯದು. ಅಜರ್‌ಬೈಜಾನನ್ನು ಎರಡು ಮಾಡಿ ಮೂರು ಮತ್ತು ನಾಲ್ಕು ಎಂದರು. ಊರಿನ ಜನಕ್ಕೆ ತಮ್ಮ ನಾಡಿನ ಅಭಿಮಾನ ಉಳಿಯಬಾರದು ಅನ್ನುವುದೇ ಉದ್ದೇಶ. ಒಸ್ತಾನಿನ ಕೆಳಗೆ ಶಹ್ರೆಸ್ತಾನ್, ಬಖ್ಶ್, ದೆಹೆಸ್ತಾನ್, ನಮ್ಮ ಜಿಲ್ಲೆ, ತಾಲೂಕು, ಹೋಬಳಿಗಳ ಹಾಗೆ. ಮೇಲಿನ ಅಧಿಕಾರಿಗಳೆಲ್ಲ ಟೆಹ್ರಾನಿನಿಂದ ನೇಮಕ ಆಗಿ ಬರುವವರು. ಅವರಿಗೂ ಮೀರಿ ಮಾತು ನಡೆಯುತ್ತಿದ್ದದ್ದು ಅಲ್ಲಿನ ಸೇನಾಧಿಕಾರಿಯದ್ದು.

ಇದರ ಫಲ ನಕ್ಷೆಯಲ್ಲೇ ಕಾಣುತ್ತದೆ. ಸರಕಾರದ ದೊಡ್ಡ ಕಾರ್ಖಾನೆಗಳಲ್ಲಿ ಹೆಚ್ಚಿನವು ಟೆಹ್ರಾನ್ ಸುತ್ತ, ಇಲ್ಲವೇ ಶಾ ಹುಟ್ಟಿದ ಮಾಜಂದರಾನ್‌ನಲ್ಲಿ. ಅಲ್ಲಿನ ಜಮೀನನ್ನು ಶಾ ಸ್ವಂತಕ್ಕೆ ಬಾಚಿಕೊಂಡಿದ್ದ. ಶಾಹಿ, ಬೆಹ್‌ಶಹರ್‌ನಲ್ಲಿ ಬಟ್ಟೆ ಗಿರಣಿ, ಚಾಲುಸ್‌ನಲ್ಲಿ ರೇಷ್ಮೆ ಕಾರ್ಖಾನೆ. ರೈಲೂ ಆ ಪ್ರಾಂತ್ಯದ ಮೂಲಕವೇ ಹಾದುಹೋಯಿತು. ಒಂದು ಕಾಲದಲ್ಲಿ ದೇಶದ ವ್ಯಾಪಾರಕ್ಕೆ ಬಾಗಿಲಾಗಿದ್ದ ತಬ್ರೀಜ್ ಹಿಂದೆ ಬಿತ್ತು. ತಬ್ರೀಜ್, ಮಶಾದ್, ಶಿರಾಜ್, ಇಸ್ಫಹಾನ್ ಯಾವುದೂ ಹೊಸ ರೈಲಿನ ದಾರಿಯಲ್ಲಿ ಇರಲಿಲ್ಲ. ಆ ಊರುಗಳ ಜನ ಪ್ರತಿ ಲೋಟ ಚಹಾಕ್ಕೂ ರೈಲಿನ ತೆರಿಗೆ ಕಟ್ಟುತ್ತಿದ್ದರು. ಮಶಾದ್ ಮತ್ತು ತಬ್ರೀಜ್‌ಗಳಿಗೆ ಟೆಹ್ರಾನಿನಿಂದ ರೈಲು ಬಂದಿದ್ದು 1950ರ ದಶಕದ ಕೊನೆಯಲ್ಲಿ. ಇಷ್ಟೊಂದು ಗಿರಣಿಗಳಿದ್ದ ಇಸ್ಫಹಾನ್ ಅದಕ್ಕೂ ಎಷ್ಟೋ ವರ್ಷ ಹೆಚ್ಚು ಕಾಯಬೇಕಾಯಿತು.