ಸ್ಪೀಡ್ ಟೆಸ್ಟ್‌ನ ಎರಡನೇ ಸಂಖ್ಯೆ

ಕಚೇರಿಗೆ ಇಂಟರ್ನೆಟ್ ಹಾಕಿಸುವ ಮಾತು ಬಂದಾಗಲೆಲ್ಲ ನನಗೆ ಎದುರಾಗುವುದು ಒಂದೇ ಪ್ರಶ್ನೆ. "ಮನೆಯ ಡಿಎಸ್‌ಎಲ್‌ನಲ್ಲಿ 20 ಎಂಬಿಪಿಎಸ್ ಬರುತ್ತೆ ಸಾರ್. ನೀವು ಹೇಳೋ ಲೀಸ್ಡ್ ಲೈನ್ ಬರೀ 10. ಅದಕ್ಕೆ ಎಷ್ಟೋ ಪಟ್ಟು ಜಾಸ್ತಿ ದುಡ್ಡು ಯಾಕೆ ಕೊಡಬೇಕು?"

ದುಡ್ಡು ಕೊಡುವವರು ಕೇಳಲೇಬೇಕಾದ ಪ್ರಶ್ನೆ ಇದು. ಡಿಎಸ್‌ಎಲ್ ಅಂದರೆ ದೂರವಾಣಿಯ ತಂತಿಯಲ್ಲೇ ಬರುವ ಇಂಟರ್ನೆಟ್. ಲೀಸ್ಡ್ ಲೈನ್ ಅಂದರೆ ಒಬ್ಬ ಗ್ರಾಹಕರಿಗಾಗಿಯೇ ಮೀಸಲಿಟ್ಟ ಲೈನ್. ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಲೆಕ್ಕ. ಆದರೆ ಆ 20 ಬರೀ ಡೌನ್‌ಲೋಡ್ ವೇಗ. ಸ್ಪೀಡ್ ಟೆಸ್ಟ್‌ನಲ್ಲಿ ಅದರ ಪಕ್ಕದಲ್ಲೇ ಅಪ್‌ಲೋಡ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಅದೆಷ್ಟು ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಫೋನ್ ತೆಗೆದು ಮತ್ತೆ ಟೆಸ್ಟ್ ಮಾಡುತ್ತಾರೆ. ಸಾಮಾನ್ಯವಾಗಿ ಬರುವ ಉತ್ತರ 1ರ ಆಸುಪಾಸು.

ಇದು ಕಂಪನಿಯ ಮೋಸವಲ್ಲ. ಮನೆಯ ಈ ಡಿಎಸ್‌ಎಲ್ ಎಡಿಎಸ್‌ಎಲ್ ಎಂಬ ಬಗೆಯದು, ಅದನ್ನು ರೂಪಿಸಿದ್ದೇ ಹಾಗೆ. ದೂರವಾಣಿಯ ತಾಮ್ರದ ತಂತಿಯಲ್ಲಿ ಸಾಗುವ ಆವರ್ತನಗಳನ್ನು (ಫ್ರೀಕ್ವೆನ್ಸಿ) ಪಟ್ಟಿಗಳಾಗಿ ಹಂಚಿದ್ದಾರೆ. 4 ಕಿಲೋಹರ್ಟ್ಸ್‌ವರೆಗೆ ಮಾತು. ಅದರ ಮೇಲೆ ಸುಮಾರು 25ರಿಂದ 138 ಕಿಲೋಹರ್ಟ್ಸ್‌ವರೆಗಿನ ಸಣ್ಣ ಪಟ್ಟಿ ಅಪ್‌ಲೋಡ್‌ಗೆ. ಅಲ್ಲಿಂದ 1,104ರವರೆಗಿನ ದೊಡ್ಡ ಪಟ್ಟಿ ಡೌನ್‌ಲೋಡ್‌ಗೆ. 2003ರಲ್ಲಿ ಅದರ ಸುಧಾರಿತ ರೂಪವಾದ ಎಡಿಎಸ್‌ಎಲ್2+ ಬಂದಾಗ ಆ ಮೇಲಿನ ಅಂಚನ್ನು ದುಪ್ಪಟ್ಟು ಮಾಡಿದರು. ಡೌನ್‌ಲೋಡ್ 24 ಎಂಬಿಪಿಎಸ್‌ವರೆಗೆ ಏರಿತು. ಆದರೆ ಅದರ ಸಾಮಾನ್ಯ ರೂಪದಲ್ಲಿ ಅಪ್‌ಲೋಡ್ ಪಟ್ಟಿ ಇದ್ದಷ್ಟೇ ಉಳಿಯಿತು. ಮನೆಯಲ್ಲಿ ನಾವು ನೋಡುವುದು, ಕೇಳುವುದು ಜಾಸ್ತಿ, ಕಳಿಸುವುದು ಕಡಿಮೆ. ಹಾಗಾಗಿ ಮನೆಗೆ ಅದು ಸರಿಯಾದ ಲೆಕ್ಕವೇ.

ಕಚೇರಿಯ ಲೆಕ್ಕ ಬೇರೆ. ಅಲ್ಲಿ ಕಡತ ಕಳಿಸಬೇಕು, ಬ್ಯಾಕಪ್ ಹೋಗಬೇಕು, ಹೊರಗಿದ್ದವರು ಒಳಗಿನ ಸರ್ವರ್‌ಗೆ ಬರಬೇಕು. 100 ಮೆಗಾಬೈಟ್‌ನ ಒಂದು ಕಡತ ಅಂದರೆ 800 ಮೆಗಾಬಿಟ್. 1 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಅದು 800 ಸೆಕೆಂಡ್, ಅಂದರೆ 13 ನಿಮಿಷಕ್ಕೂ ಜಾಸ್ತಿ. ಅದೂ ಬೇರೆ ಯಾರೂ ಆ ಲೈನ್ ಮುಟ್ಟದಿದ್ದರೆ.

"ಕಳಿಸೋದು ನಿಧಾನವಾದರೆ ಆಗಲಿ ಬಿಡಿ, ಕಾಯ್ತೀವಿ" ಅನ್ನುತ್ತಾರೆ. ನಾನು ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇಲ್ಲೇ ಇದೆ. ಅಪ್‌ಲೋಡ್ ತುಂಬಿದರೆ ಡೌನ್‌ಲೋಡ್ ಕೂಡ ನಿಂತಂತೆ ಆಗುತ್ತದೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ನೀವು ಒಂದು ಪುಟ ತೆರೆದಾಗ ಆ ಕಡೆಯ ಸರ್ವರ್ ಎಲ್ಲವನ್ನೂ ಒಂದೇ ಸಲ ಕಳಿಸುವುದಿಲ್ಲ. ಸ್ವಲ್ಪ ಕಳಿಸುತ್ತದೆ, "ಬಂತು" ಎಂದು ನಿಮ್ಮ ಕಂಪ್ಯೂಟರ್ ಉತ್ತರ ಕೊಟ್ಟ ಮೇಲೆ ಮುಂದಿನದನ್ನು ಕಳಿಸುತ್ತದೆ. ಆ ಉತ್ತರ ಪುಟ್ಟದು. ಆದರೆ ಅದು ಹೋಗುವುದು ಅಪ್‌ಲೋಡ್ ದಾರಿಯಲ್ಲೇ. ಅಲ್ಲಿ ಯಾರದೋ ದೊಡ್ಡ ಕಡತ ಹೋಗುತ್ತಿದ್ದರೆ ನಿಮ್ಮ ಉತ್ತರ ಮೋಡೆಮ್‌ನ ಒಳಗೆ ಅದರ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ಉತ್ತರ ಬರದೆ ಆ ಕಡೆಯ ಸರ್ವರ್ ಕಾಯುತ್ತದೆ. 20 ಎಂಬಿಪಿಎಸ್‌ನ ದಾರಿ ಖಾಲಿ ಬಿದ್ದಿರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ.

ಕಟ್ಟಡದ ನಕ್ಷೆ ಮಾಡುವ ಒಂದು ಸಣ್ಣ ಕಚೇರಿಯವರು ಇಂಟರ್ನೆಟ್ ಫೋನ್‌ನಲ್ಲಿ ಮಾತು ಒಡೆಯುತ್ತದೆ ಎಂದು ಫೋನ್‌ಗಳನ್ನೇ ಬದಲಿಸಿದ್ದರು. ಪಾಪ, ಹೊಸ ಫೋನ್‌ನಲ್ಲೂ ಅದೇ ಕಥೆ. ಹೋಗಿ ನೋಡಿದರೆ ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೇ ಒಂದು ಕಂಪ್ಯೂಟರ್‌ನಿಂದ ನಕ್ಷೆಗಳ ಬ್ಯಾಕಪ್ ಹೊರಡುತ್ತಿತ್ತು. ಒಂದು ಫೋನ್ ಕರೆಗೆ ಪ್ರತಿ ದಿಕ್ಕಿನಲ್ಲೂ ಸುಮಾರು 90 ಕೆಬಿಪಿಎಸ್ ಸಾಕು, ಆದರೆ ಅದು ತಡವಿಲ್ಲದೆ ಸಿಗಬೇಕು. ಬ್ಯಾಕಪ್ ಅನ್ನು ರಾತ್ರಿಗೆ ಹಾಕಿದೆವು, ರೂಟರ್‌ನಲ್ಲಿ ಕರೆಗಳಿಗೆ ಮೊದಲ ಸ್ಥಾನ ಕೊಟ್ಟೆವು. ಮಾತು ಸರಿಯಾಯಿತು. ಅವರಿಗೆ ಲೀಸ್ಡ್ ಲೈನ್ ಬೇಕಾಗಲೇ ಇಲ್ಲ. ಆ ಮಾಲೀಕರು ಪ್ರತಿ ಸಿಬ್ಬಂದಿಯನ್ನೂ ಕರೆದು "ನಿಮ್ಮ ತಪ್ಪಲ್ಲ ಇದು" ಎಂದು ಹೇಳಿದ್ದು ನನಗೆ ತುಂಬ ಹಿಡಿಸಿತು.

ಹಾಗಾಗಿ ಎಲ್ಲರಿಗೂ ಲೀಸ್ಡ್ ಲೈನ್ ಹಾಕಿಸಿ ಎಂದು ನಾನು ಹೇಳುವುದಿಲ್ಲ. ಮೇಲ್ ನೋಡಿ ಬಿಲ್ ಮಾಡುವ ಮೂರು ಜನರ ಕಚೇರಿಗೆ ಡಿಎಸ್‌ಎಲ್ ಸಾಕಾಗಬಹುದು. ಫೈಬರ್ ಸಿಕ್ಕರೆ ಅಪ್‌ಲೋಡ್‌ನ ಕಷ್ಟ ಬಹುಪಾಲು ತೀರುತ್ತದೆ, ಆದರೂ ಮನೆಗಳಿಗೆ ಕೊಡುವ ಫೈಬರ್ ಅನ್ನು ಹಲವರು ಹಂಚಿಕೊಂಡಿರುತ್ತಾರೆ. ಲೀಸ್ಡ್ ಲೈನ್‌ನಲ್ಲಿ 10 ಎಂದರೆ ಹೋಗಲಿಕ್ಕೂ 10, ಬರಲಿಕ್ಕೂ 10. ನಿಮ್ಮಿಂದ ಕಂಪನಿಯ ಜಾಲದವರೆಗೆ ಅದನ್ನು ಬೇರೆಯವರು ಹಂಚಿಕೊಳ್ಳುವುದಿಲ್ಲ. ಮನೆಯ ಲೈನ್‌ನ 20 ಮಾತ್ರ "20ರವರೆಗೆ". ದೂರವಾಣಿ ಎಕ್ಸ್‌ಚೇಂಜ್‌ನಿಂದ ತಂತಿ ಉದ್ದವಾದಷ್ಟೂ ಅದು ಇಳಿಯುತ್ತದೆ, ಸಂಜೆ ಎಲ್ಲರೂ ಬಳಸುವಾಗಲೂ ಇಳಿಯಬಹುದು.

ಜಾಸ್ತಿ ದುಡ್ಡಿನ ಇನ್ನೊಂದು ಪಾಲು ಹೋಗುವುದು ರಿಪೇರಿಯ ಭರವಸೆಗೆ. ಇಲ್ಲಿ ಕರಾರುಪತ್ರ ಓದದೆ ಸಹಿ ಹಾಕಬೇಡಿ. 99.9 ಶೇಕಡಾ ಹೊತ್ತು ಲೈನ್ ಇರುತ್ತದೆ ಅಂದರೂ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಲೈನ್ ಇಲ್ಲದಿರಬಹುದು. 99.99 ಆದರೆ 53 ನಿಮಿಷ. ಮೊದಲೇ ತಿಳಿಸಿ ಮಾಡುವ ದುರಸ್ತಿಯನ್ನು ಇದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರಾ ಕೇಳಿ. ಕೆಟ್ಟಾಗ ಎಷ್ಟು ಗಂಟೆಯಲ್ಲಿ ಸರಿಮಾಡಬೇಕು ಎಂದು ಬರೆದಿದೆಯಾ ನೋಡಿ, ಸುಮ್ನೆ "ದೂರಿಗೆ ಸ್ಪಂದಿಸುತ್ತೇವೆ" ಎಂದಷ್ಟೇ ಇದ್ದರೆ ಒಪ್ಪಬೇಡಿ. ಪರಿಹಾರ ಸಿಕ್ಕರೂ ಅದು ಸಾಮಾನ್ಯವಾಗಿ ಬಿಲ್‌ನಲ್ಲಿ ಕಡಿತ, ನಿಮ್ಮ ವ್ಯಾಪಾರದ ನಷ್ಟವಲ್ಲ.

ಲೀಸ್ಡ್ ಲೈನ್ ಹಾಕಿಸಿದವರು ಹಳೆಯ ಡಿಎಸ್‌ಎಲ್ ತೆಗೆಸಲು ಅವಸರ ಮಾಡಬೇಡಿ. ಒಂದು ಕೆಟ್ಟ ದಿನ ಇನ್ನೊಂದು ಕೈಹಿಡಿಯುತ್ತದೆ. ಆದರೆ ಎರಡೂ ಕೇಬಲ್ ಒಂದೇ ಪೈಪಿನಲ್ಲಿ ಕಟ್ಟಡದೊಳಗೆ ಬರುತ್ತಿವೆಯಾ ಎಂದು ಹಾಕುವವರನ್ನು ಮೊದಲೇ ಕೇಳಿ. ಬರುತ್ತಿದ್ದರೆ ರಸ್ತೆ ಅಗೆದವರು ಎರಡನ್ನೂ ಒಟ್ಟಿಗೇ ಕತ್ತರಿಸುತ್ತಾರೆ.