ಎಬಿಎಸ್ ಇದ್ರೂ ಘಟ್ಟ ಇಳಿಯೋಕೆ ಗೇರ್ ಬೇಕೇ ಬೇಕು

ಹೊಸ ಕಾರು ತಗೊಂಡು ಡ್ರೈವಿಂಗ್ ಪಳಗಿಸಿಕೊಳ್ಳಲು ಬರುವವರು ನನ್ನನ್ನು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಸರ್, ಇದ್ರಲ್ಲಿ ಎಬಿಎಸ್, ಇಎಸ್‌ಸಿ, ಎಡಿಎಎಸ್ ಎಲ್ಲಾ ಇದೆ, ಹಳೇ ಪಾಠ ಇನ್ನೂ ಬೇಕಾ?" ಎಬಿಎಸ್ ಅಂದ್ರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳೋದು, ಇಎಸ್‌ಸಿ ಅಂದ್ರೆ ಗಾಡಿ ಅಡ್ಡ ಜಾರದಂತೆ ಹಿಡಿಯೋದು, ಎಡಿಎಎಸ್ ಅಂದ್ರೆ ಕ್ಯಾಮೆರಾದಂಥವುಗಳಿಂದ ರಸ್ತೆ ನೋಡಿ ಡ್ರೈವರ್‌ಗೆ ನೆರವಾಗೋದು. ಹಳೇ ಪಾಠಗಳಲ್ಲಿ ಒಂದನ್ನು ಮರೆತುಬಿಡಿ, ಇನ್ನೊಂದನ್ನು ಮಾತ್ರ ಯಾವತ್ತೂ ಬಿಡಬೇಡಿ ಅಂತ ಹೇಳುತ್ತೇನೆ.

ಮರೆಯಬೇಕಾದ್ದು ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸುವ ಅಭ್ಯಾಸ. ಹಳೇ ಕಾರಲ್ಲಿ ಚಕ್ರ ಲಾಕ್ ಆಗಿ ಗಾಡಿ ಜಾರುತ್ತಿತ್ತು, ಅದಕ್ಕೆ ಹಾಗೆ ಕಲಿಸುತ್ತಿದ್ದರು. ಈಗ ಆ ಕೆಲಸವನ್ನು ಎಬಿಎಸ್ ಸೆಕೆಂಡಿಗೆ ಹಲವು ಸಲ ಮಾಡುತ್ತದೆ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಹೊಸ ಕಾರುಗಳಿಗೆ ಇದು ಕಡ್ಡಾಯ. ಆದರೆ ಎಬಿಎಸ್ ಕೆಲಸ ಮಾಡುವಾಗ ಪೆಡಲ್ ಪಾದದಡಿ ಗಡಗಡ ನಡುಗುತ್ತೆ, ಟಕಟಕ ಸದ್ದು ಬರುತ್ತೆ, ಏನೋ ಮುರೀತು ಅಂದುಕೊಂಡು ಎಷ್ಟೋ ಜನ ಅದೇ ಕ್ಷಣದಲ್ಲಿ ಕಾಲು ಸಡಿಲ ಮಾಡಿಬಿಡುತ್ತಾರೆ. ಮಾಡಬೇಡಿ. ಪೂರ್ತಿ ಒತ್ತಿ ಹಿಡಿದು, ಎದುರಿಗೆ ಸಿಕ್ಕಿದ್ದನ್ನು ಸ್ಟೀರಿಂಗ್ ತಿರುಗಿಸಿ ತಪ್ಪಿಸಿ. ಬ್ರೇಕ್ ಒತ್ತಿದ್ದಾಗಲೂ ಗಾಡಿ ನಿಮ್ಮ ಮಾತು ಕೇಳುತ್ತೆ ಅನ್ನೋದೇ ಅದರ ದೊಡ್ಡ ಉಪಕಾರ. ಮಳೆ ಬಂದು ನಿಂತ ಮೇಲೆ ಖಾಲಿ ಮೈದಾನದಲ್ಲಿ ಒಮ್ಮೆ ಇದನ್ನು ಮಾಡಿ ನೋಡಿ, ಆ ನಡುಕ ಕಾಲಿಗೆ ಪರಿಚಯ ಆಗಲಿ.

ಆದರೆ ರಸ್ತೆಗೂ ಟೈರಿಗೂ ಇರುವ ಹಿಡಿತವನ್ನು ಯಾವ ಎಲೆಕ್ಟ್ರಾನಿಕ್ಸ್ ಕೂಡ ಹೆಚ್ಚಿಸುವುದಿಲ್ಲ, ಇರುವುದನ್ನು ಚೆನ್ನಾಗಿ ಬಳಸುತ್ತದೆ ಅಷ್ಟೇ. ಟೈರ್ ಸವೆದಿದ್ದರೆ ಅದೇನು ಮಾಡೀತು? ಜಲ್ಲಿ ಚೆಲ್ಲಿದ ರಸ್ತೆಯಲ್ಲಂತೂ ಎಬಿಎಸ್ ಇರುವ ಕಾರು ನಿಲ್ಲೋಕೆ ಇನ್ನೂ ಜಾಸ್ತಿ ದೂರ ತಗೊಳ್ಳಬಹುದು. ಲಾಕ್ ಆದ ಚಕ್ರ ತನ್ನ ಮುಂದೆ ಜಲ್ಲಿ ಗುಡ್ಡೆ ಹಾಕಿಕೊಂಡು ಬೇಗ ನಿಲ್ಲುತ್ತೆ, ಉರುಳುವ ಚಕ್ರಕ್ಕೆ ಆ ಗುಡ್ಡೆ ಸಿಗಲ್ಲ.

ಬಿಡಬಾರದ್ದು ಗೇರಿನಲ್ಲಿ ಘಟ್ಟ ಇಳಿಯುವುದು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ, ಹತ್ತುವಾಗ ಯಾವ ಗೇರ್ ಬೇಕೋ ಅದೇ ಗೇರಲ್ಲಿ ಇಳೀಬೇಕು ಅಂತ ಹಳೇ ಡ್ರೈವರ್‌ಗಳು ಹೇಳುತ್ತಾರಲ್ವಾ, ಅದು ಇವತ್ತಿಗೂ ನಿಜ. ನ್ಯೂಟ್ರಲ್‌ಗೆ ಹಾಕಿದ್ರೆ ಪೆಟ್ರೋಲ್ ಉಳಿಯುತ್ತೆ ಅನ್ನೋದು ಸುಳ್ಳು. ಈಗಿನ ಎಂಜಿನ್‌ಗಳು ಗೇರಲ್ಲಿದ್ದು ನೀವು ಆಕ್ಸಿಲರೇಟರ್ ಬಿಟ್ಟಾಗ ಇಂಧನ ಬಿಡುವುದನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಸ್ವಲ್ಪ ಸುಡಲೇಬೇಕು. ಅದಕ್ಕಿಂತ ದೊಡ್ಡ ಅಪಾಯ ಬಿಸಿ, ಎಂಜಿನ್ ತಡೆ ಇಲ್ಲದೆ ಬ್ರೇಕೊಂದೇ ಗಾಡಿ ಹಿಡಿದು ಹಿಡಿದು ಕಾಯುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೂ ಕುದಿಯಲ್ಲ, ನೀರು ಸೇರಿದ ಮೇಲೆ ಅದು 155ರ ಆಸುಪಾಸಿಗೆ ಇಳಿಯಬಹುದು. ಕುದ್ದರೆ ಪೈಪಿನೊಳಗೆ ಗುಳ್ಳೆ, ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತೆ. ಒತ್ತಡವೇ ಇಲ್ಲದ ಮೇಲೆ ಎಬಿಎಸ್ ಏನು ಹಿಡಿಯುತ್ತೆ ಹೇಳಿ?

ಆಟೊಮ್ಯಾಟಿಕ್ ಕಾರಿನವರು ಡಿ ಯಲ್ಲೇ ಬಿಡಬೇಡಿ, ಮ್ಯಾನ್ಯುವಲ್ ಮೋಡ್ ಅಥವಾ ಎಲ್‌ಗೆ, ಅಂದ್ರೆ ಲೋ ಗೇರಿಗೆ, ಹಾಕಿ. ಸುಟ್ಟ ವಾಸನೆ ಬಂತಾ? ಅಗಲ ಜಾಗ ನೋಡಿ ನಿಲ್ಲಿಸಿ, ತಾನಾಗಿ ತಣ್ಣಗಾಗಲಿ, ಚಕ್ರಕ್ಕೆ ನೀರು ಸುರೀಬೇಡಿ, ಬಿಸಿ ಡಿಸ್ಕ್ ಸೊಟ್ಟಗಾಗಬಹುದು.

ಎಡಿಎಎಸ್ ನಂಬಿ ಘಟ್ಟಕ್ಕೆ ಹೋಗುವವರಿಗೂ ಒಂದು ಮಾತು. ಗಾಡಿಯನ್ನು ಲೇನ್‌ನಲ್ಲೇ ಇಡಲು ಅದರ ಕ್ಯಾಮೆರಾಗೆ ರಸ್ತೆಯ ಗೆರೆ ಕಾಣಬೇಕು. ಮಳೆಗಾಲದ ಮಂಜಲ್ಲಿ ನಿಮಗೇ ಕಾಣದ ಗೆರೆ ಅದಕ್ಕೆಲ್ಲಿಂದ ಕಾಣುತ್ತೆ.

ಮುಂದಿನ ಸರ್ವಿಸ್‌ನಲ್ಲಿ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ಕೇಳಿ, ಎರಡು ವರ್ಷ ದಾಟಿದ್ದರೆ ಘಟ್ಟಕ್ಕೆ ಹೊರಡುವ ಮೊದಲೇ ಬದಲಿಸಿ.