ನ್ಯೂಸ್‌ಬೋಟ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ, ಏನು ಮಾಡಲಿ?

"ಸರ್, ಉಬುಂಟು ಲಿನಕ್ಸ್‌ನಲ್ಲಿ ನ್ಯೂಸ್‌ಬೋಟ್ ಹಾಕಿಕೊಂಡೆ. ಟರ್ಮಿನಲ್‌ನಲ್ಲಿ ಹೆಸರು ಟೈಪ್ ಮಾಡಿದರೆ ಎರರ್ ತೋರಿಸಿ ನಿಂತುಬಿಡುತ್ತದೆ. ಆರ್‌ಎಸ್‌ಎಸ್ ಸತ್ತು ಎಷ್ಟೋ ವರ್ಷ ಆಯ್ತಂತಲ್ಲ, ಅದಕ್ಕೇನಾ?"

ಮಂಡ್ಯದಿಂದ ಬಂದಿರುವ ಪ್ರಶ್ನೆ. ಹೊಸಬರಿಗೆ ಒಂದು ಮಾತು: ಇಲ್ಲಿ ಆರ್‌ಎಸ್‌ಎಸ್ ಅಂದರೆ ಸಂಘವಲ್ಲ, ವೆಬ್‌ಸೈಟ್‌ನಲ್ಲಿ ಹೊಸದಾಗಿ ಏನು ಬಂತು ಅಂತ ಪಟ್ಟಿಯಾಗಿ ಕೊಡುವ ವ್ಯವಸ್ಥೆ. ಆ ಪಟ್ಟಿಯೇ ಫೀಡ್. ಅದನ್ನು ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ಓದಿಸುವ ಪ್ರೋಗ್ರಾಂ ನ್ಯೂಸ್‌ಬೋಟ್. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ಆ ಎರರ್ ಅನ್ನು ದಯವಿಟ್ಟು ಪೂರ್ತಿ ಓದಿ. ಯಾವ ಫೀಡ್ ತರಬೇಕು ಅಂತ ನೀವು ಇನ್ನೂ ಹೇಳಿಲ್ಲ, ಅದನ್ನೇ ಅದು ಕೇಳುತ್ತಿದೆ. ಯಾವ ಫೈಲ್‌ನಲ್ಲಿ ಬರೆಯಬೇಕು ಅನ್ನುವುದೂ ಅಲ್ಲೇ ಇದೆ. ಆ ಫೈಲ್‌ನಲ್ಲಿ ಸಾಲಿಗೊಂದರಂತೆ ಫೀಡ್ ವಿಳಾಸ ಹಾಕಿ. ಹೆಸರಿನ ಕೊನೆಗೆ ಡಾಟ್ ಟಿಎಕ್ಸ್‌ಟಿ ಸೇರಿಸಬೇಡಿ, ತುಂಬಾ ಜನ ಎಡವುವುದು ಇಲ್ಲೇ. ಮತ್ತೆ ತೆರೆದು ದೊಡ್ಡ ಆರ್ ಒತ್ತಿದರೆ ಎಲ್ಲಾ ಫೀಡ್‌ಗಳೂ ಹೊಸದಾಗುತ್ತವೆ. ಎಂಟರ್ ಒತ್ತಿ ಓದಿ, ಕ್ಯೂ ಒತ್ತಿ ಹಿಂದೆ ಬನ್ನಿ.

ಈಗ ಆ ಸಾವಿನ ಸುದ್ದಿ. 2013ರ ಜುಲೈನಲ್ಲಿ ಮುಚ್ಚಿದ್ದು ಗೂಗಲ್ ರೀಡರ್. ಅದು ಆರ್‌ಎಸ್‌ಎಸ್ ಓದಿಸುತ್ತಿದ್ದ ಒಂದು ಸೇವೆ, ಅಷ್ಟೇ. ಬೀದಿಗೆ ಪೇಪರ್ ಹಾಕುವ ಹುಡುಗ ಕೆಲಸ ಬಿಟ್ಟರೆ ಪತ್ರಿಕೆ ಅಚ್ಚಾಗುವುದು ನಿಲ್ಲುತ್ತದಾ? ಆರ್‌ಎಸ್‌ಎಸ್ ಬಂದದ್ದು 1999ರಲ್ಲಿ, ಗೂಗಲ್ ರೀಡರ್ 2005ರಲ್ಲಿ. ಅಂದರೆ ಅದು ಹುಟ್ಟುವ ಮೊದಲೂ ಫೀಡ್ ಇತ್ತು, ಹೋದ ಮೇಲೂ ಇದೆ. ನಿಮ್ಮ ಪಾಡ್‌ಕಾಸ್ಟ್ ಆ್ಯಪ್‌ಗೆ ಹೊಸ ಕಂತು ಬಂದದ್ದು ಗೊತ್ತಾಗುವುದು ಬಹುಪಾಲು ಆರ್‌ಎಸ್‌ಎಸ್‌ನಿಂದಲೇ. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ಸೈಟ್‌ನ ವಿಳಾಸದ ಕೊನೆಗೆ ಒಂದು ಓರೆಗೆರೆ (/) ಎಳೆದು 'ಫೀಡ್' ಅಂತ ಇಂಗ್ಲಿಷಿನಲ್ಲಿ ಸೇರಿಸಿ ನೋಡಿ, ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ. ಇಷ್ಟೆಲ್ಲಾ ಯಾಕೆ, ನೀವು ಹಾಕಿಕೊಂಡ ನ್ಯೂಸ್‌ಬೋಟ್ ಶುರುವಾದದ್ದೇ 2017ರಲ್ಲಿ, ನ್ಯೂಸ್‌ಬ್ಯೂಟರ್ ಎಂಬ ಹಳೆಯ ಪ್ರೋಗ್ರಾಂನಿಂದ ಕವಲೊಡೆದು. ಸತ್ತದ್ದಕ್ಕೆ ನಾಲ್ಕು ವರ್ಷ ಆದ ಮೇಲೆ ಯಾರಾದರೂ ಕೂತು ಹೊಸ ಪ್ರೋಗ್ರಾಂ ಕಟ್ಟುತ್ತಾರಾ?

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಕನ್ನಡ ಫೀಡ್ ಹಾಕಿದ ದಿನವೇ ಇದು ಎದುರಾಗುತ್ತದೆ. ಟರ್ಮಿನಲ್ ಪರದೆಯನ್ನು ಸಮ ಅಳತೆಯ ಮನೆಗಳಾಗಿ ಭಾಗ ಮಾಡಿಕೊಂಡಿರುತ್ತದೆ. ನಮ್ಮ ಒತ್ತಕ್ಷರ ಆ ಅಳತೆಗೆ ಕೂರುವುದಿಲ್ಲ. ಹಾಗಾಗಿ ಕೆಲವು ಟರ್ಮಿನಲ್‌ಗಳಲ್ಲಿ ಮಂಡ್ಯದ 'ಡ್ಯ' ಒಡೆದು ಕಾಣುತ್ತದೆ, ಶ್ರೀರಂಗಪಟ್ಟಣವಂತೂ ಚೂರುಚೂರು. ತಪ್ಪು ಫೀಡ್‌ನದ್ದಲ್ಲ, ಸುಮ್ನೆ ಅಳಿಸಿ ಮತ್ತೆ ಹಾಕಬೇಡಿ. ಬೇರೆ ಟರ್ಮಿನಲ್ ಪ್ರಯತ್ನಿಸಿ. ಅಲ್ಲಿಯವರೆಗೆ ತಲೆಬರಹ ನೋಡಿ ಬೇಕಾದ್ದನ್ನು ಆರಿಸಿಕೊಂಡು ಸಣ್ಣ ಓ ಒತ್ತಿ, ಬ್ರೌಸರ್‌ನಲ್ಲಿ ತೆರೆದುಕೊಳ್ಳುತ್ತದೆ.